ಗಂಗವ್ವನ ಮುಂದಿನ ನಾಲ್ಕು ಹಲ್ಲು

ದೆವ್ವ, ಮಾಟ, ಭಾನಾಮತಿ ಎಂದು ಯಾರಾದರೂ ಮಾತು ತೆಗೆದರೆ ನಾನು ಅಲ್ಲಿಂದ ಎದ್ದು ಹೋಗುವವಳು. ಎದ್ದು ಹೋಗಲು ಆಗದ ಕಡೆ, ಅಂದರೆ ಮದುವೆ ಮನೆಯ ಪಂಕ್ತಿಯಲ್ಲೋ ತುಂಬಿದ ಬಸ್ಸಿನಲ್ಲೋ, ಜಗಳಕ್ಕೇ ನಿಲ್ಲುತ್ತೇನೆ. ಓದಿನಿಂದ ಬಂದದ್ದಲ್ಲ ಇದು, ಹುಟ್ಟುಗುಣ. ಇಳಕಲ್ಲಿನ ನಮ್ಮ ಮನೆಯಲ್ಲಿ ಎರಡು ಮಗ್ಗ ನಡೆಯುತ್ತಿದ್ದವು. ನೂಲು ಮೇಲಿಂದ ಮೇಲೆ ಹರಿದರೆ ನನ್ನ ಅಜ್ಜಿ ಯಾರದೋ ಕಣ್ಣು ಬಿತ್ತು ಅನ್ನುತ್ತಿದ್ದಳು, ನಾನು ನೂಲೇ ಕೊಳೆತಿದೆ ಅನ್ನುತ್ತಿದ್ದೆ, ಬೆನ್ನಿಗೆ ಒಂದು ಗುದ್ದು ಬೀಳುತ್ತಿತ್ತು. ಮುಂದೆ ಹಲ್ಲಿನ ಡಾಕ್ಟರಾದೆ. ಕಣ್ಣಿಗೆ ಕಾಣುವುದನ್ನು, ಬೆರಳಿಗೆ ಸಿಗುವುದನ್ನು ಮಾತ್ರ ನಂಬುವವರಿಗೆ ಹೇಳಿ ಮಾಡಿಸಿದ ಕೆಲಸ.

ಈಗ ಬರೆಯುತ್ತಿರುವುದನ್ನು ಗಂಡನಿಗೆ ಬಿಟ್ಟು ಇನ್ಯಾರಿಗೂ ಹೇಳಿಲ್ಲ. ಕೇಳಿದವರು ನಗುತ್ತಾರೆ ಎಂಬ ಅಂಜಿಕೆಯಿಂದಲ್ಲ. ಬೇರೆಯವರು ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ಕೇಳಿದವರು ನಂಬಿಬಿಟ್ಟರೆ ಏನು ಗತಿ ಎಂಬ ಅಂಜಿಕೆ ನನ್ನದು. ನಂಬುವ ಜನ ಎಂಥೆಂಥ ಕೆಲಸಕ್ಕೆ ಕೈ ಹಾಕುತ್ತಾರೆ ಎಂಬುದನ್ನು ನನ್ನ ಕ್ಲಿನಿಕ್ಕಿನ ಬಾಗಿಲಲ್ಲೇ ನೋಡಿದ್ದೇನೆ.

ಆಗ ನನ್ನ ಕ್ಲಿನಿಕ್ಕು ಕೆರೂರಿನಲ್ಲಿತ್ತು, ಒಂದು ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿ. ಈಗಲೂ ಅಲ್ಲೇ ಇದೆ. ಬಾಗಲಕೋಟೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸಂತೆಯ ದಿನವಂತೂ ಕಾಯಿಪಲ್ಲೆಯ ಚೀಲವನ್ನು ಕಾಲಡಿ ಇಟ್ಟುಕೊಂಡೇ ಹಲ್ಲು ಕೀಳಿಸಿಕೊಳ್ಳುವ ಜನ. ನನ್ನ ಕೈಕೆಳಗೆ ಕೆಲಸ ಮಾಡುವ ಶಾಹಿದಾ ಗಟ್ಟಿಗಿತ್ತಿ. ಹಲ್ಲು ಕೀಳುವಾಗ ಒದ್ದಾಡುವ ಗಂಡಸರ ಎರಡೂ ಕೈಯನ್ನು ಒಂದೇ ಕೈಯಲ್ಲಿ ಹಿಡಿದು ನಿಲ್ಲುತ್ತಾಳೆ. ಅವಳನ್ನು ಹೆದರಿಸುವುದು ಸುಲಭವಲ್ಲ ಎಂದು ತಿಳಿಯಲಿ ಎಂದು ಹೇಳಿದೆ.

ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆಯ ಮಧ್ಯಾಹ್ನ. ಸಂತೆಯ ಗದ್ದಲ ಇಳಿದಿತ್ತು. ಊಟದ ಡಬ್ಬಿ ಬಿಚ್ಚಬೇಕು ಅನ್ನುವಷ್ಟರಲ್ಲಿ ಮೂವರು ಮೆಟ್ಟಿಲು ಹತ್ತಿ ಬಂದರು. ಮುಂದೆ ಮಲ್ಲಪ್ಪ ಎಂಬ ನಡುವಯಸ್ಸಿನ ರೈತ. ಅವನ ಹಿಂದೆ ಅವನ ತಾಯಿ ಗಂಗವ್ವ. ಕೊನೆಯಲ್ಲಿ ಅವರ ಊರಿನ ಗೌಡರು, ಬಿಳಿ ಧೋತರ, ಹೆಗಲ ಮೇಲೆ ಟವೆಲ್ಲು. ಶಿವಯೋಗ ಮಂದಿರದಿಂದ ಇನ್ನೂ ಆಚೆ, ಮಲಪ್ರಭೆಯ ದಂಡೆಯ ಒಂದು ಹಳ್ಳಿಯವರು. ಹಳ್ಳಿಯ ಹೆಸರು ಬೇಡ. ಗೌಡರು ಹೊರಗಿನ ಬೆಂಚಿನ ಮೇಲೆ ಕುಳಿತರು, ತಾಯಿ ಮಗ ಒಳಗೆ ಬಂದರು.

ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ತೆಗೆಯಬೇಕು ಎಂದ ಮಲ್ಲಪ್ಪ. ಬಾಯಿ ತೆರೆಸಿ ನೋಡಿದೆ. ಹೊಗೆಸೊಪ್ಪಿನ ಕಡ್ಡಿಪುಡಿ ತಿಕ್ಕಿ ತಿಕ್ಕಿ ಬಣ್ಣ ಕಂದಾಗಿತ್ತು, ತುದಿ ಸವೆದಿತ್ತು, ಅಷ್ಟು ಬಿಟ್ಟರೆ ಒಂದು ಹುಳುಕಿಲ್ಲ, ಒಂದೂ ಅಲುಗುವುದಿಲ್ಲ. ಅರವತ್ತು ದಾಟಿದ ಹೆಂಗಸಿಗೆ ಅಂಥ ಹಲ್ಲು ನಾನು ಕಂಡಿರಲಿಲ್ಲ. ನೋವಿದೆಯಾ ಎಂದು ಕೇಳಿದರೆ ಆಕೆ ಇಲ್ಲ ಎಂದಳು. ಹಾಗಾದರೆ ಯಾಕೆ ಕೀಳಬೇಕು ಎಂದಾಗ ಮಗ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ ಹೇಳತೊಡಗಿದ.

ಗಂಗವ್ವ ಊರಿನ ಮಕ್ಕಳಿಗೆ ದೃಷ್ಟಿ ತೆಗೆಯುವವಳು. ಉಪ್ಪು ಮೆಣಸಿನಕಾಯಿ ಇಳಿಸುತ್ತ ಬಾಯೊಳಗೇ ಏನೋ ಗುನುಗುತ್ತಾಳೆ. ಗೌಡರ ಸೊಸೆಗೆ ಮೇಲಿಂದ ಮೇಲೆ ಬಸಿರು ನಿಲ್ಲದೆ ಹೋಯಿತು. ಕಡೆಯ ಸಲ ಗಂಗವ್ವನೇ ಆಕೆಗೆ ದೃಷ್ಟಿ ತೆಗೆದಿದ್ದಳು. ಇಷ್ಟು ಸಾಕಾಯಿತು. ಗಂಗವ್ವ ಮಾಟ ಮಾಡುತ್ತಾಳೆ ಎಂದು ಊರಲ್ಲಿ ಮಾತು ಬಲಿಯಿತು. ಮಾಟ ಮಾಡುವವಳ ಮುಂದಿನ ಹಲ್ಲು ಕೆಡವಿದರೆ ಮಂತ್ರ ಸೋರಿಹೋಗುತ್ತದೆ, ಅದಕ್ಕೆ ಬಲ ಉಳಿಯುವುದಿಲ್ಲ ಎಂಬುದು ಆ ಕಡೆಯ ಹಳೆಯ ನಂಬಿಕೆ. ಹಾಗಿದ್ದರೆ ನನ್ನಲ್ಲಿಗೆ ಬರುವ ಮುದುಕಿಯರಲ್ಲಿ ಅರ್ಧ ಜನ ಹಲ್ಲು ಬೀಳುವ ಮೊದಲೇ ಗಂಡನ ಮನೆಯವರ ಮೇಲೆ ಮಾಟ ಮಾಡಿ ಮುಗಿಸಿರಬೇಕು ಎಂದು ಬಾಯಿಗೆ ಬಂತು. ಆಡಲಿಲ್ಲ, ಆ ಮಗನ ಮುಖ ನೋಡಿ.

"ಊರಾಗಾದ್ರ ಕಲ್ಲಿಲೆ ಕೆಡವ್ತಾರ್ರಿ ಬಾಯಾರ," ಎಂದ ಅವನು. "ನೀವಾದ್ರ ಸೂಜಿ ಮಾಡಿ ತಗೀತೀರಿ. ಅವ್ವಗ ನೋವಾಗಬಾರದ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಪೊಲೀಸರಿಗೆ ಫೋನು ಮಾಡುತ್ತೇನೆ, ಇದಕ್ಕೆಲ್ಲ ಕಾನೂನಿದೆ, ಗೌಡರನ್ನೂ ನಿನ್ನನ್ನೂ ಒಟ್ಟಿಗೆ ಒಳಗೆ ಹಾಕಿಸುತ್ತೇನೆ ಎಂದು ಕೂಗಾಡಿದೆ. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಪೊಲೀಸರು ಬಂದು ಹೋಗುತ್ತಾರೆ, ಬಾಳು ಮಾಡಬೇಕಾದವರು ನಾವು, ನಿಮ್ಮಿಂದ ಆಗದಿದ್ದರೆ ಸಂಜೆಗೆ ಊರ ಬಾಗಿಲಲ್ಲಿ, ಅಗಸಿಯ ಮುಂದೆ ಕೂಡಿಸುತ್ತಾರೆ ಎಂದ. ಹೊರಗಿರುವ ಗೌಡರು ಕಾಯುತ್ತಿದ್ದದ್ದು ಅದಕ್ಕೇ. ಗಂಗವ್ವ ಕುರ್ಚಿಯಲ್ಲಿ ಕಾಲು ಚಾಚಿ ಒರಗಿದ್ದವಳು ನನ್ನ ಮೊಣಕೈ ಮುಟ್ಟಿದಳು.

"ತಗದು ಬಿಡು ಯವ್ವಾ. ಹಲ್ಲಿಲ್ದ ಎಷ್ಟ್ ಮಂದಿ ಬದುಕ್ಯಾರ. ಇವಗ ಊರಾಗ ಜಾಗಾ ಇರಬೇಕು."

ಮಗನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ. ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಗಟ್ಟಿ ಹಲ್ಲು ಕೀಳಲು ಕೈ ಬರುವುದಿಲ್ಲ, ಕೀಳದೆ ಕಳಿಸಿದರೆ ಸಂಜೆಗೆ ಆ ಬಾಯಿಗೆ ಕಲ್ಲು ಬೀಳುತ್ತದೆ. ಆ ಸಣ್ಣ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಓಡಾಡಿದೆ. ಒಂದಿಷ್ಟು ಹೊತ್ತು ಸಿಗಲಿ ಎಂದು, ಅಷ್ಟಕ್ಕೇ, ಮುಂದಿನ ಹಲ್ಲುಗಳ ಎಕ್ಸ್‌ರೇ ತೆಗೆದೆ. ಆಗ ಇನ್ನೂ ಕಂಪ್ಯೂಟರಿನ ಎಕ್ಸ್‌ರೇ ನನ್ನಲ್ಲಿಗೆ ಬಂದಿರಲಿಲ್ಲ. ಹೆಬ್ಬೆರಳಗಲದ ಫಿಲ್ಮನ್ನು ಬಾಯಲ್ಲಿ ಹಿಡಿಸಿ ಚಿತ್ರ ತೆಗೆದು, ಕತ್ತಲ ಡಬ್ಬಿಯೊಳಗೆ ಕೈ ತೂರಿಸಿ ಔಷಧದ ನೀರಿನಲ್ಲಿ ಅದ್ದಿ ತೊಳೆಯಬೇಕಿತ್ತು.

ತೊಳೆದ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ದವಡೆಯ ಎಲುಬಿನೊಳಗೆ ನಾಲ್ಕು ಹಲ್ಲಿನ ಬೇರು ಸ್ಪಷ್ಟವಾಗಿ ಕಾಣುತ್ತಿದ್ದವು. ಹಲ್ಲು ಮಾತ್ರ ಇರಲಿಲ್ಲ. ಒಸಡಿನ ಮಟ್ಟಕ್ಕೆ ನಾಲ್ಕೂ ಓರೆಯಾಗಿ ಮುರಿದಿದ್ದವು, ಎಡದಿಂದ ಬಲಕ್ಕೆ ಇಳಿಜಾರಾಗಿ, ಒಂದೇ ಪೆಟ್ಟಿಗೆ ಹೋದಂತೆ. ಅದರಿಂದಾಚೆ ಬರಿಯ ಕಪ್ಪು. ನಮ್ಮ ವೃತ್ತಿಯವರಿಗೆ ಎಲುಬು ನೋಡಿದರೆ ಪೆಟ್ಟಿನ ವಯಸ್ಸು ತಿಳಿಯುತ್ತದೆ. ಇದು ಬಿದ್ದು ಬಹಳ ವರ್ಷವಾಗಿ, ಮಾಗಿ, ಸವೆದ ಪೆಟ್ಟು.

ತಿರುಗಿ ಗಂಗವ್ವನ ಬಾಯಿ ನೋಡಿದೆ. ನಾಲ್ಕೂ ಹಲ್ಲು ಇದ್ದಲ್ಲೇ ಇದ್ದವು. ಕನ್ನಡಿಯ ಹಿಡಿಯಿಂದ ಒಂದೊಂದನ್ನೇ ಬಡಿದೆ, ಟಕ್ ಟಕ್ ಎಂದವು. ಬೆರಳಲ್ಲಿ ಹಿಡಿದು ಅಲುಗಿಸಿದೆ, ಅಲುಗಲಿಲ್ಲ. ಎರಡನೆಯ ಫಿಲ್ಮು ತೆಗೆದೆ. ಅದರಲ್ಲೂ ಅದೇ. ಬೇರೆ ರೋಗಿಯ ಫಿಲ್ಮು ಬೆರೆತಿರಬೇಕು ಎಂದರೆ ಅಂದು ಬೆಳಗಿನಿಂದ ಇನ್ನೊಂದು ಎಕ್ಸ್‌ರೇ ತೆಗೆದಿರಲಿಲ್ಲ. ಯಂತ್ರ ಕೆಟ್ಟಿದೆಯೋ ನೋಡೋಣ, ನನ್ನ ಹಲ್ಲಿನದು ತೆಗೆಯಿರಿ ಎಂದು ಶಾಹಿದಾ ತಾನೇ ಕುರ್ಚಿಯಲ್ಲಿ ಕುಳಿತಳು. ಅವಳ ಹಲ್ಲು, ಹಿಂದೊಮ್ಮೆ ನಾನೇ ಹುಳುಕಿಗೆ ತುಂಬಿದ ಬೆಳ್ಳಿ ಸಮೇತ, ಸರಿಯಾಗಿ ಬಂದವು. ಗಂಗವ್ವನ ಕೆಳಗಿನ ಸಾಲಿನದನ್ನೂ ತೆಗೆದೆ. ಅದೂ ಸರಿಯಿತ್ತು. ಶಾಹಿದಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ನಮ್ಮಿಬ್ಬರ ಪರದಾಟವನ್ನು ಗಂಗವ್ವ ನೋಡುತ್ತಿದ್ದಳು. ಅದೇನು ಎಂದು ಕೇಳಿದಳು. ಫಿಲ್ಮು ತೋರಿಸಿ, ಇವು ನಿನ್ನ ಬೇರು, ಇಲ್ಲಿ ಹಲ್ಲು ಕಾಣಬೇಕಿತ್ತು, ಕಾಣುತ್ತಿಲ್ಲ ಎಂದು ತಿಳಿಸಿ ಹೇಳಿದೆ. ಆಕೆ ಫಿಲ್ಮನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಕೆಗೆ ಆಶ್ಚರ್ಯವಾಗಲಿಲ್ಲ. ನನಗೆ ಹೆದರಿಕೆ ಹುಟ್ಟಿದ್ದು ಆಗಲೇ.

"ಇದು ನಂದಲ್ಲ ತಂಗಿ," ಎಂದಳು. "ನಮ್ಮ ನೀಲವ್ವನ ಬಾಯಿ."

ನೀಲವ್ವ ಆಕೆಯ ಗಂಡನ ಅಜ್ಜಿ. ಗಂಗವ್ವ ಹುಟ್ಟುವ ಎಷ್ಟೋ ಮೊದಲು, ಊರಲ್ಲಿ ವಾಂತಿಭೇದಿ ಬಂದು ಮನೆಮನೆಯಲ್ಲಿ ಮಕ್ಕಳು ಸತ್ತ ವರ್ಷ, ನೀಲವ್ವನ ಮನೆಯ ಮಕ್ಕಳು ಮಾತ್ರ ಉಳಿದವು. ಉಳಿದದ್ದೇ ತಪ್ಪಾಯಿತು. ಮಾಟಗಾತಿ ಎಂದು ಎಳೆದುಕೊಂಡು ಹೋಗಿ ಅಗಸಿಯ ಮುಂದೆ ಕೂಡಿಸಿ, ನಾಲ್ಕು ಜನ ಹಿಡಿದು, ಒರಳುಗುಂಡಿನಿಂದ ಬಾಯಿಗೆ ಹೊಡೆದರು. ಹೊಡೆದವನು ಈಗ ಹೊರಗೆ ಕುಳಿತಿದ್ದ ಗೌಡರ ಮುತ್ಯಾ, ಅಂದರೆ ಅಜ್ಜ. ಆಮೇಲೆಯೂ ನೀಲವ್ವ ಬಹಳ ಕಾಲ ಬದುಕಿದಳು. ಸೊಸೆಯಾಗಿ ಬಂದ ಎಳೆಯ ಗಂಗವ್ವ ಅವಳಿಗೆ ಜೋಳದ ನುಚ್ಚು ಕಲಸಿ ಉಣ್ಣಿಸುತ್ತಿದ್ದಳು. ಉಣ್ಣುವಾಗ ಬಿಟ್ಟು ಬೇರೆ ಹೊತ್ತಿನಲ್ಲಿ ಮುದುಕಿ ಬಾಯಿಗೆ ಸೆರಗು ಅಡ್ಡ ಹಿಡಿದೇ ಇರುತ್ತಿದ್ದಳಂತೆ, ಮಲಗಿದಾಗಲೂ.

ದೃಷ್ಟಿ ತೆಗೆಯುವುದನ್ನು ಕಲಿಸಿದವಳೂ ಆ ನೀಲವ್ವನೇ. ಬಾಯೊಳಗೆ ಏನು ಗುನುಗುತ್ತೀ, ಮಂತ್ರವಾ ಎಂದು ಕೇಳಿದೆ. ಗಂಗವ್ವನಿಗೆ ನಗು ಬಂತು. ಮಂತ್ರವೂ ಇಲ್ಲ ಏನೂ ಇಲ್ಲ, ಮನೆಯಲ್ಲಿ ಸಾಕಿದ ಎಮ್ಮೆಗಳ ಹೆಸರು ಹೇಳುತ್ತೇನೆ, ಅವಳು ತನ್ನ ಕಾಲದ ಎಮ್ಮೆಗಳ ಹೆಸರು ಹೇಳುತ್ತಿದ್ದಳು, ನಾನು ನನ್ನ ಕಾಲದವನ್ನೂ ಸೇರಿಸಿಕೊಂಡೆ ಎಂದಳು. ಶಾಹಿದಾ ಕೂಡ ನಕ್ಕಳು. ಈ ಎಮ್ಮೆಗಳ ಹೆಸರಿಗಾಗಿ ಒಬ್ಬಳ ಬಾಯಿ ಒಡೆದಿದ್ದರು, ಇನ್ನೊಬ್ಬಳದನ್ನು ಒಡೆಯಲು ಹೊರಟಿದ್ದರು. ನನಗೆ ಅಳು ಬಂದುಬಿಟ್ಟಿತು.

ಅಷ್ಟರಲ್ಲಿ ಗೌಡರು ಬಾಗಿಲು ತಟ್ಟಿ ಮುಗಿಯಿತೇನು ಎಂದು ಕೇಳಿದರು. ಆ ಗಳಿಗೆಯಲ್ಲಿ ನನಗೆ ದಾರಿ ಹೊಳೆಯಿತು. ಗಂಗವ್ವನ ಕಿವಿಯಲ್ಲಿ ಹೇಳಿದೆ, ಶಾಹಿದಾಗೆ ಸನ್ನೆ ಮಾಡಿದೆ. ತುಟಿಯ ಒಳಗೆ ಮರಗಟ್ಟುವ ಸೂಜಿ ಚುಚ್ಚಿದೆ, ಮೇಲ್ದುಟಿ ಊದಿ ಜೋತುಬಿತ್ತು. ಕೆಂಪು ಔಷಧದಲ್ಲಿ ಅದ್ದಿದ ಹತ್ತಿಯನ್ನು ಬಾಯಿತುಂಬ ತುರುಕಿದೆ. ಬೇಕೆಂದೇ ಇನ್ನೂ ಬಹಳ ಹೊತ್ತು ಕಾಯಿಸಿದೆ. ಇದನ್ನು ಮಗನಿಗೂ ಹೇಳಕೂಡದು ಎಂದಾಗ ಆಕೆ ತಲೆಯಾಡಿಸಿದಳು. ಆಮೇಲೆ ಬಾಗಿಲು ತೆಗೆದು, ನಾಲ್ಕೂ ಹಲ್ಲು ತೆಗೆದಿದ್ದೇನೆ, ಬೇರು ಹಾಗೇ ಬಿಟ್ಟು ಅದರ ಮೇಲೆ ಕಟ್ಟುಹಲ್ಲು ಕೂಡಿಸಿದ್ದೇನೆ, ಈಗ ಬಾಯಲ್ಲಿರುವುದು ಕಾರ್ಖಾನೆಯ ಮಾಲು ಎಂದೆ.

ಕಿತ್ತ ಹಲ್ಲು ಕೊಡಿ, ಹೊಳೆಗೆ ಬಿಡಬೇಕು ಎಂದರು ಗೌಡರು. ಕೊಡುವ ಹಾಗಿಲ್ಲ, ದವಾಖಾನೆಯ ಕಸವನ್ನು ಸುಡಬೇಕು ಎಂದು ಗದರಿದೆ. ಮತ್ತೆ ಊರಿಗೆ ಏನು ತೋರಿಸಲಿ ಎಂದರು. ನಾನು ಆ ಫಿಲ್ಮನ್ನು ಕೊಟ್ಟೆ. ಕಿಟಕಿಯ ಹತ್ತಿರ ಹೋಗಿ ಬೇರನ್ನೂ ಮುರಿದ ಗೆರೆಯನ್ನೂ ಬಹಳ ಹೊತ್ತು ನೋಡಿದರು.

"ಕಾರ್ಖಾನಿ ಹಲ್ಲಿಗೆ ಮಂತ್ರ ಹತ್ತೂದಿಲ್ಲ," ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. ಫಿಲ್ಮನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದರು.

ಗಂಗವ್ವನ ಹಲ್ಲು ಉಳಿಯಿತು. ಊರವರು ಆಕೆಯ ತಂಟೆಗೆ ಮತ್ತೆ ಹೋಗಲಿಲ್ಲ. ಆಗಾಗ ಸಂತೆಗೆ ಬಂದಾಗ ಕ್ಲಿನಿಕ್ಕಿಗೆ ಹತ್ತಿ ಬಂದು ಸಜ್ಜೆ ರೊಟ್ಟಿ, ಅಗಸೆಬೀಜದ ಚಟ್ನಿ ಕೊಟ್ಟು, ಬಾಯಿತುಂಬ ನಕ್ಕು ಹೋಗುತ್ತಿದ್ದಳು. ಊರಿನ ಹೆಂಗಸರು ಗಂಗವ್ವನ ಕಟ್ಟುಹಲ್ಲು ಎಷ್ಟು ಚೆಂದ ಕೂತಿವೆ ಎಂದು ನನ್ನ ಕೈಗುಣ ಹೊಗಳುತ್ತಿದ್ದರಂತೆ. ಆ ಹೆಸರಿನ ಮೇಲೆ ಇಬ್ಬರು ಮುದುಕಿಯರು ಅಂಥವೇ ಬೇಕು ಎಂದು ಬಂದೂ ಹೋದರು.

ಆದರೆ ನನಗೆ ನೆಮ್ಮದಿ ಇರಲಿಲ್ಲ. ಎರಡನೆಯ ಫಿಲ್ಮು ನನ್ನಲ್ಲಿತ್ತು. ರೋಗಿಗಳು ಇಲ್ಲದ ಹೊತ್ತಿನಲ್ಲಿ ತೆಗೆದು ನೋಡುವುದು, ಒಳಗಿಡುವುದು, ಮತ್ತೆ ತೆಗೆಯುವುದು. ಬಸ್ಸಿನಲ್ಲಿ ಎದುರು ಕುಳಿತವರು ಮಾತಾಡಿದರೆ ಮಾತು ಬಿಟ್ಟು ಅವರ ಹಲ್ಲನ್ನೇ ನೋಡುತ್ತಿದ್ದೆ. ಅವಸರದಲ್ಲಿ ತೊಳೆದ ಫಿಲ್ಮಾದ್ದರಿಂದ ಅದು ಕಾಲಕ್ರಮೇಣ ಕಂದು ತಿರುಗಿ ಅಳಿಸಿಯೇ ಹೋಯಿತು. ಕಂಪ್ಯೂಟರಿನ ಎಕ್ಸ್‌ರೇ ತರಿಸಿದ ಮೇಲೆ ಒಂದು ದಿನ ಗಂಗವ್ವನನ್ನು ಕೂಡಿಸಿ ಚಿತ್ರ ತೆಗೆದೆ. ನಾಲ್ಕು ಹಲ್ಲು, ನಾಲ್ಕು ಬೇರು, ಎಲ್ಲ ನೆಟ್ಟಗೆ ಇದ್ದವು. ನೀಲವ್ವ ಹೋದಳೇನು ಎಂದು ಗಂಗವ್ವ ಕೇಳಿದಳು. ಯಾವ ನೀಲವ್ವ, ಅಂದಿನ ಫಿಲ್ಮು ಕೆಟ್ಟಿತ್ತು ಎಂದೆ. ಹಾಗೆ ಹೇಳಿ ಹಗುರಾದೆ. ಶಾಹಿದಾಗೂ ಹಾಗೇ ಹೇಳಿದೆ. ಅವಳು ಆಯಿತು ಎಂದಳು, ಒಪ್ಪಲಿಲ್ಲ.

ಕಳೆದ ಬೇಸಿಗೆಯಲ್ಲಿ ಗಂಗವ್ವ ತೀರಿಕೊಂಡಳು. ಮಲಗಿದಲ್ಲೇ, ನರಳದೆ. ನನಗೆ ಸುದ್ದಿ ತಲುಪಿದ್ದು ದಿನಕರ್ಮಗಳೆಲ್ಲ ಮುಗಿದ ಮೇಲೆ, ಮಲ್ಲಪ್ಪನೇ ಬಂದಾಗ. ತಲೆ ಬೋಳಿಸಿಕೊಂಡಿದ್ದ. ಅತ್ತು ಅತ್ತು ಅವನ ಮುಖವೇ ಇಳಿದಿತ್ತು. ಬಹಳ ಹೊತ್ತು ತಾಯಿಯ ಮಾತಾಡಿದ. ಎದ್ದು ಹೊರಡುವ ಮೊದಲು ಜೇಬಿನಿಂದ ಬಿಳಿ ಬಟ್ಟೆಯ ಸಣ್ಣ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟ.

ಮಣ್ಣಿಗೆ ಒಯ್ಯುವ ಮೊದಲು ಮೈಮೇಲಿನ ಹೊರಗಿನ ವಸ್ತುಗಳನ್ನೆಲ್ಲ ತೆಗೆಯಬೇಕು ಎಂದು ಗೌಡರು ಹೇಳಿದರಂತೆ. ಬಳೆ ತೆಗೆದರು, ಮೂಗುತಿ ತೆಗೆದರು. ಕಟ್ಟುಹಲ್ಲನ್ನೂ ತೆಗೆಯಿರಿ ಎಂದರು. ಮಲ್ಲಪ್ಪನಿಗೆ ತಾಯಿಯ ಬಾಯಿಗೆ ಕೈ ಹಚ್ಚಲು ಮನಸ್ಸಾಗಲಿಲ್ಲ. ಗೌಡರೇ ಮುಂದೆ ಬಂದರು.

"ಎಳಿಲೇ ಇಲ್ರಿ ಅವರು. ಬಟ್ಟು ಹಚ್ಚಿದ ಕೂಡ್ಲೆ ನಾಕೂ ಅಂಗೈಯಾಗ ಬಂದ್ವು."

ರಕ್ತ ಬಂತೇ ಎಂದು ಕೇಳಿದೆ. ಹನಿಯೂ ಇಲ್ಲ, ಒಸಡು ಕೂಸಿನ ಬಾಯಿಯ ಹಾಗೆ ಮುಚ್ಚಿಕೊಂಡು ನುಣ್ಣಗಿತ್ತು ಎಂದ. ಗೌಡರು ಏನು ಮಾಡಿದರು ಎಂದು ಕೇಳಿದೆ. ಹಲ್ಲನ್ನು ಇವನ ಕೈಗೆ ಹಾಕಿ, ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ, ಒರೆಸಿಕೊಳ್ಳುತ್ತಲೇ, ಮಣ್ಣಿಗೂ ನಿಲ್ಲದೆ ಮನೆಗೆ ಹೋದರಂತೆ.

ಗಂಟು ಬಿಚ್ಚಿದೆ. ನಾಲ್ಕು ಹಲ್ಲು. ಮನುಷ್ಯರವೇ. ಕಡ್ಡಿಪುಡಿಯ ಕಂದು, ಸವೆದ ತುದಿ, ಗಂಗವ್ವ ನಕ್ಕಾಗಲೆಲ್ಲ ನಾನು ಕಂಡವೇ. ತಿರುಗಿಸಿ ನೋಡಿದೆ. ಬೇರಿರಲಿಲ್ಲ. ಓರೆಯಾಗಿ ಮುರಿದಿದ್ದವು, ಎಡದಿಂದ ಬಲಕ್ಕೆ ಇಳಿಜಾರಾಗಿ. ಈಗ ಮುರಿದ ಹಲ್ಲಾದರೆ ಮುರಿದ ಕಡೆ ಬೆಳ್ಳಗೆ ಇರುತ್ತದೆ, ಬೆರಳಿಗೆ ಚುಚ್ಚುತ್ತದೆ. ಇವು ಚುಚ್ಚಲಿಲ್ಲ. ಹಳದಿ ಹಿಡಿದು ನುಣ್ಣಗಾಗಿದ್ದವು.

ಬೇಕಾದಷ್ಟು ಲೆಕ್ಕ ಹಾಕಿದ್ದೇನೆ. ಮುಪ್ಪಿನಲ್ಲಿ ಬೇರು ಕರಗಿರಬಹುದು ಎಂದುಕೊಂಡರೆ ಕಂಪ್ಯೂಟರಿನ ಚಿತ್ರದಲ್ಲಿ ಬೇರು ನೆಟ್ಟಗಿವೆ. ಗೌಡರು ಗೊತ್ತಿಲ್ಲದೆ ಮುರಿದಿರಬಹುದು ಎಂದುಕೊಂಡರೆ ಮುರಿದದ್ದು ಹಳೆಯದು. ನೀಲವ್ವನ ಹಲ್ಲು ಎಂದು ಶಾಹಿದಾ ಹೇಳುತ್ತಾಳೆ. ಹಾಗಾದರೆ ಗಂಗವ್ವನ ಹಲ್ಲು ಎಲ್ಲಿ ಹೋದವು, ಅಷ್ಟು ವರ್ಷ ರೊಟ್ಟಿ ಕಡಿದದ್ದು ಯಾರ ಹಲ್ಲಿನಿಂದ ಎಂದು ಕೇಳಿದರೆ ಅವಳು ಉಪಕರಣ ತೊಳೆಯಲು ಎದ್ದು ಹೋಗುತ್ತಾಳೆ. ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯಲು ನನಗೆ ಎಷ್ಟು ಕಷ್ಟವಾಗುತ್ತಿದೆ ಎಂಬುದು ನನ್ನನ್ನು ಬಲ್ಲವರಿಗೆ ತಿಳಿಯುತ್ತದೆ.

ಮಲ್ಲಪ್ಪನಿಗೆ ಅಂದು ನಿಜ ಹೇಳಬೇಕಿತ್ತೋ ಏನೋ. ಇವು ಕಾರ್ಖಾನೆಯವಲ್ಲ, ನಿನ್ನ ತಾಯಿಯ ಹಲ್ಲು ನಾನು ಮುಟ್ಟಿಯೇ ಇರಲಿಲ್ಲ ಎಂದಿದ್ದರೆ, ಸತ್ತ ಮೇಲೂ ಆಕೆಗೆ ಮಾಟಗಾತಿ ಎಂಬ ಹೆಸರು ತಪ್ಪುತ್ತಿರಲಿಲ್ಲ. ಅವನು ಎಷ್ಟು ನಿಶ್ಚಿಂತೆಯಿಂದ ನನ್ನ ಮುಂದೆ ಕುಳಿತಿದ್ದ.

"ನಿಮ್ಮ ಮಾಲು ನಿಮಗ ಮುಟ್ಟಸೂಣಂತ ತಂದೀನ್ರಿ," ಎಂದ. "ಇನ್ನ ಯಾರರ ಹೆಣ್ಮಗಳಿಗೆ ಹಿಂಗ ಮಾಡಿದ್ರ ಅಕಿಗೆ ಕೂಡಸಾಕ ಬರ್ತಾವ, ಇಟ್ಟಿರ್ರಿ."

ಹೂಂ ಎಂದೆ. ಹಲ್ಲು ನನ್ನ ಹತ್ತಿರವೇ ಇವೆ. ಸಂತೆಗೆ ಬಂದಾಗಲೆಲ್ಲ ಮಲ್ಲಪ್ಪ ಮೆಟ್ಟಿಲು ಹತ್ತಿ ಬಂದು, ಯಾರಿಗಾದರೂ ಬೇಕಾದವೇನು ಎಂದು ವಿಚಾರಿಸುತ್ತಾನೆ. ಇನ್ನೂ ಇಲ್ಲ ಎನ್ನುತ್ತೇನೆ.